ಒಂಟಿ ಇಲಿ ತರಬಾರದಂತೆ

ಸಣ್ಣ ಇಲಿಯನ್ನು ಕೊಂದದ್ದು ನಮ್ಮ ಮನೆಮಂದಿಯ ಒಳ್ಳೆಯತನ. ದೊಡ್ಡ ಇಲಿ ಹಲ್ಲು ಹಾಕಿತು, ಅಷ್ಟೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯಲ್ಲಿ ಇದನ್ನು ಬೇರೆ ಥರ ಹೇಳುತ್ತಾರೆ. ದೊಡ್ಡದು ರಾಕ್ಷಸಿಯಂತೆ, ಸಣ್ಣದು ಪಾಪದ್ದಂತೆ, ಎರಡನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರೂ ಹೀಗಾಯಿತಂತೆ, ಹಣೆಬರಹವಂತೆ. ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ನನ್ನ ಸೊಸೆ ಸರಳಾ ಹೇಳಿಕೊಟ್ಟ ಈ ಪಾಠವನ್ನೇ ಒಪ್ಪಿಸುತ್ತಾರೆ. ನಾನು ಒಪ್ಪಿಸುವುದಿಲ್ಲ. ಈ ಕಥೆಯನ್ನು ನಾನು ಚಿಕ್ಕವಳಿದ್ದಾಗಲೇ ಒಂದು ಸಲ ಕೇಳಿದ್ದೇನೆ. ಆಗ ನಾವು ಚಾಂಪಿಯನ್ ರೀಫ್ಸ್‌ನ ಲೈನ್ ಮನೆಯಲ್ಲಿದ್ದೆವು. ಆ ಕಥೆಯಲ್ಲಿ ಇಲಿಗಳಿರಲಿಲ್ಲ, ನಮ್ಮಮ್ಮ ಇದ್ದಳು.

ಇಲಿ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿನ್ನದ ಗಣಿಯವರು ಕೊಟ್ಟ ಆ ಮನೆ ಎಂದರೆ ಒಂದು ಕೋಣೆ, ಮುಂದೆ ಬಿದಿರ ತಟ್ಟಿ ಕಟ್ಟಿದ ಒಂದು ಜಗುಲಿ, ಜಗುಲಿಯ ಮೂಲೆಯಲ್ಲಿ ಒಲೆ. ಮೇಲೆ ತಗಡು. ಅಂಥ ಮನೆಗಳು ಒಂದಕ್ಕೊಂದು ಬೆನ್ನು ಕೊಟ್ಟುಕೊಂಡು ಸಾಲಾಗಿ ನಿಂತಿದ್ದವು. ಪಕ್ಕದ ಮನೆಯವರು ಕೆಮ್ಮಿದರೆ ನಮ್ಮ ಮಡಕೆ ಮುಚ್ಚಳ ಅಲುಗುತ್ತಿತ್ತು. ನೆಲದ ಒಳಗೆ ಎಲ್ಲೋ ಬಂಡೆ ಸಿಡಿದರೆ ಪಾತ್ರೆಗಳೆಲ್ಲ ಒಟ್ಟಿಗೆ ಕಿಣಿಕಿಣಿ ಎನ್ನುತ್ತಿದ್ದವು, ಹೆಂಗಸರು ಮಾತು ನಿಲ್ಲಿಸಿ ಸೈರನ್ ಕೂಗುತ್ತದೋ ಏನೋ ಎಂದು ಕಿವಿ ಕೊಡುತ್ತಿದ್ದರು, ಕೂಗದಿದ್ದರೆ ಮತ್ತೆ ಮಾತು ಶುರು. ತಗಡಿನ ಕೆಳಗಿನ ತೊಲೆಯ ಮೇಲೆ ಇಲಿಗಳು ಓಡಾಡುತ್ತಿದ್ದವು. ಹೆಗ್ಗಣಗಳು ಚರಂಡಿಯ ಕಡೆಯಿಂದ ಬಂದು ಒಲೆಯ ಬೂದಿಯಲ್ಲಿ ಬೆಚ್ಚಗೆ ಮಲಗುತ್ತಿದ್ದವು. ಅಮ್ಮ ಮರದ ಬೋನಿನಲ್ಲಿ ಸುಟ್ಟ ಒಣಮೀನಿನ ತುಂಡು ಸಿಕ್ಕಿಸಿ ಇಡುತ್ತಿದ್ದಳು. ಬೆಳಿಗ್ಗೆ ಬೋನು ಬಿದ್ದಿದ್ದರೆ ಅದನ್ನು ಹಾಗೇ ನೀರಿನ ಡ್ರಮ್ಮಿಗೆ ಇಳಿಸಿ ಮೇಲೊಂದು ಕಲ್ಲಿಟ್ಟು, ಸಾರಿಸಲು ಸೆಗಣಿ ಕಲಸುತ್ತಿದ್ದಳು. ಮುಖದಲ್ಲಿ ಸಿಟ್ಟೂ ಇಲ್ಲ, ಕನಿಕರವೂ ಇಲ್ಲ. ಅಂಥವಳ ಮಗಳಾದ ನಾನು, ನನ್ನ ಮಗ ದುಡ್ಡು ಕೊಟ್ಟು ಇಲಿ ತರುತ್ತಾನೆ, ಅದಕ್ಕೆ ಸೌತೇಕಾಯಿ ಹೆಚ್ಚಿ ಕೊಡುತ್ತಾರೆ ಎನ್ನುವುದನ್ನು ಈ ಕಣ್ಣಲ್ಲೇ ನೋಡಬೇಕಾಯಿತು.

ಆಸೆ ಹುಟ್ಟಿದ್ದು ಮೊಮ್ಮಗಳು ಪಲ್ಲವಿಗೆ. ಐದನೇ ಕ್ಲಾಸು. ಅವಳ ಅಪ್ಪ, ನನ್ನ ಮಗ ನಾಗೇಶ, ದಿನಾ ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ಬೆಂಗಳೂರಿನ ರಟ್ಟಿನ ಡಬ್ಬದ ಕಾರ್ಖಾನೆಗೆ ಹೋಗುತ್ತಾನೆ, ದೀಪ ಹಚ್ಚಿದ ಮೇಲೆ ಬರುತ್ತಾನೆ. ಮಗುವಿನ ಮುಖ ನೋಡಲು ಸಿಗುವುದು ಭಾನುವಾರ ಒಂದೇ ದಿನ. ಹಾಗಾಗಿ ಭಾನುವಾರ ಅವಳು ಏನು ಕೇಳಿದರೂ ಹೂಂ ಎನ್ನುತ್ತಾನೆ. ಅವಳು ಫೋನಿನಲ್ಲಿ ನೋಡಿ ನೋಡಿ ಹ್ಯಾಮ್ಸ್ಟರ್ ಬೇಕು ಎಂದಳು. ಅದೇನು ಎಂದು ಕೇಳಿದರೆ ಫೋನನ್ನು ನನ್ನ ಮೂಗಿನ ಹತ್ತಿರ ತಂದು ಹಿಡಿದಳು. ಮೊಂಡು ಬಾಲ, ಮೈ ತುಂಬ ಕೂದಲು, ಕೆನ್ನೆಯ ಒಳಗೆ ಎರಡು ಚೀಲ, ಚೀಲದ ತುಂಬ ಕಾಳು.

"ಇದು ಇಲಿ ಅಲ್ವೇನೇ?"

"ಇಲಿ ಅಲ್ಲ ಅಜ್ಜಿ, ಹ್ಯಾಮ್ಸ್ಟರ್."

"ಬಾಲ ಕುಯ್ದಿರೋ ಇಲಿ ಅನ್ನು."

ಅವಳು ಕೋಪಿಸಿಕೊಳ್ಳಲಿಲ್ಲ. ಕಲಿತದ್ದನ್ನೆಲ್ಲ ಸಾವಧಾನವಾಗಿ ಹೇಳಿದಳು. ಅದಕ್ಕೆ ನೀರು ಹಾಕಿ ತೊಳೆಯಬಾರದು, ತಾನೇ ಮರಳಲ್ಲಿ ಹೊರಳಾಡುತ್ತದೆ. ಹಗಲು ಮಲಗಿದ್ದಾಗ ಮುಟ್ಟಬಾರದು. ಈರುಳ್ಳಿ ಕೊಡಬಾರದು. ಎಲ್ಲಕ್ಕಿಂತ ಮುಖ್ಯ, ಒಂದು ಗೂಡಿಗೆ ಒಂದೇ. ಎರಡಿಟ್ಟರೆ ಕಚ್ಚಾಡಿ ಸಾಯುತ್ತವೆ. ಈ ಕೊನೆಯ ಮಾತನ್ನು ಅವಳು ನನಗೂ ಹೇಳಿದಳು, ಅವರಪ್ಪನಿಗೂ ಹೇಳಿದಳು, ಒಗೆಯುವ ಕಲ್ಲಿನ ಹತ್ತಿರ ನಿಂತು ಅವರಮ್ಮನಿಗೂ ಹೇಳಿದಳು. ನಾನು ಕೇಳಿಸಿಕೊಂಡೆ. ಮಿಕ್ಕವರಿಗೆ ಕಿವಿ ಇತ್ತು ಅಷ್ಟೇ.

ದಸರಾ ಮುಗಿದ ಮೇಲೆ ಒಂದು ಭಾನುವಾರ ಎಲ್ಲರೂ ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋದೆವು. ನನ್ನನ್ನು ಪಲ್ಲವಿ ಎಳೆದುಕೊಂಡು ಹೋದಳು, ಸಂತೆಯಲ್ಲಿ ಕೋಳಿ ಆರಿಸುವಾಗ ಅಜ್ಜಿಗೆ ಮೋಸ ಮಾಡಲು ಆಗುವುದಿಲ್ಲ ಎಂದು. ನನ್ನ ಕಾಲದಲ್ಲಿ ಒಣಮೀನು ಮಾರುತ್ತಿದ್ದ ಸಾಲಿನಲ್ಲಿ ಈಗ ಇಲಿ ಮಾರುತ್ತಾರೆ. ಗಾಜಿನ ಡಬ್ಬಿ, ಒಳಗೆ ಮರದ ಹೊಟ್ಟು, ಹೊಟ್ಟಿನಲ್ಲಿ ಒಂದರ ಮೇಲೊಂದು ಬಿದ್ದುಕೊಂಡ ಹತ್ತಾರು ಇಲಿಗಳು. ವಾಸನೆ ಮಾತ್ರ ನಮ್ಮ ಲೈನ್ ಮನೆಯದ್ದೇ. ಪಲ್ಲವಿ ಅವಸರ ಮಾಡಲಿಲ್ಲ. ಕಣ್ಣು ಪಿಸುರು ಕಟ್ಟಿದ್ದನ್ನು ಬಿಟ್ಟಳು, ಹಿಂಭಾಗ ಒದ್ದೆಯಾಗಿದ್ದದ್ದನ್ನು ಬಿಟ್ಟಳು, ಮೂಲೆಯಲ್ಲಿ ಮುದುಡಿ ಕೂತದ್ದನ್ನು ಬಿಟ್ಟಳು. ಕೈಯನ್ನು ಒಳಗಿಟ್ಟು ಅಲುಗಾಡಿಸದೆ ಕಾದಳು. ಬೂಂದಿಯ ಬಣ್ಣದ್ದೊಂದು ಬಂದು ಅಂಗೈ ಮೂಸಿ, ಬೆರಳು ಹತ್ತಿ, ಇಳಿದು, ಮತ್ತೆ ಬಂತು. ಹೀಗೆ ನೋಡಿ ನನ್ನನ್ನು ಯಾರಾದರೂ ಗಂಡಿಗೆ ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇದೊಂದು ಸಾಕು ಅಪ್ಪ," ಎಂದಳು.

ಆಗ ಸರಳಾ ಬಾಯಿ ಹಾಕಿದಳು. ಅವಳ ತೌರು ಬೇತಮಂಗಲದ ಹತ್ತಿರದ ಹಳ್ಳಿ. ಅವರ ಕಡೆ ಮನೆಗೆ ಜೀವ ತಂದರೆ ಜೋಡಿ ತರುವುದು ರೂಢಿ. ಕೋಳಿಯಾದರೂ ಜೋಡಿ, ಪಾರಿವಾಳವಾದರೂ ಜೋಡಿ. ಕುರಿ ಒಂದೇ ಕೊಳ್ಳುವಷ್ಟು ಕೈಲಾದರೆ ಪಕ್ಕದ ಮನೆಯ ಕುರಿಯನ್ನು ಜೊತೆಗೆ ನಿಲ್ಲಿಸಿಕೊಂಡು ಹೊಸಿಲು ದಾಟಿಸುತ್ತಾರಂತೆ, ಆಮೇಲೆ ಅದನ್ನು ವಾಪಸು ಅಟ್ಟುತ್ತಾರಂತೆ.

"ಒಂಟಿ ಜೀವ ತರಬಾರ್ದು ಕಣ್ರೀ. ಒಂಟಿ ತಂದ್ರೆ ಮನೇಲಿ ಯಾರಾನಾ ಒಂಟಿ ಆಯ್ತಾರೆ," ಎಂದಳು ಗಂಡನಿಗೆ. ಹೇಳಿದ ಮೇಲೆ ನನ್ನ ಕಡೆ ನೋಡದೆ ಇರಲು ಬಹಳ ಕಷ್ಟಪಟ್ಟಳು. ನನ್ನ ಗಂಡ ಹೋಗಿ ಎಷ್ಟೋ ಕಾಲವಾಯಿತು. ಆಗ ನಮ್ಮ ಮನೆಗೆ ಯಾವ ಇಲಿಯನ್ನೂ ಯಾರೂ ತಂದಿರಲಿಲ್ಲ.

ಪಲ್ಲವಿ ಮತ್ತೆ ಹೇಳಿದಳು, ಒಂದು ಗೂಡಿಗೆ ಒಂದೇ ಎಂದು. ಅಂಗಡಿಯವನಿಗೆ ಎರಡು ಕೊಳ್ಳುವ ಗಿರಾಕಿ ಸಿಕ್ಕಿದ್ದ. ಡಬ್ಬಿಯೊಳಗೆ ಕೈ ಹಾಕಿ ಬೂಂದಿಯಂಥದ್ದೇ ಇನ್ನೊಂದನ್ನು, ಕೊಂಚ ಸಣ್ಣದನ್ನು, ಕತ್ತು ಹಿಡಿದು ಎತ್ತಿದ.

"ಎರಡೂ ಹೆಣ್ಣೇ ಪಾಪಾ, ಅಕ್ಕ ತಂಗಚ್ಚಿ. ಒಂದೇ ತಾಯಿದು. ಜೊತೆಗಿದ್ರೆ ಸಂತೋಷಮಾ ಇರ್ತವೆ."

ಹಾಗಾದರೆ ಎರಡು ಗೂಡು ತಗೊಳ್ಳಿ ಎಂದೆ ನಾನು. ಇಲಿಗೆ ಎರಡೆರಡು ಮನೆ ಯಾಕಮ್ಮ ಎಂದು ನಾಗೇಶ ನಕ್ಕ. ಅಂಗಡಿಯವನು ನಕ್ಕ, ಸರಳಾ ನಕ್ಕಳು. ನಾನು ಹೊರಗೆ ಬಂದು ನಿಂತೆ. ಅಕ್ಕತಂಗಿಯರನ್ನು ಒಂದು ಗೂಡಿನಲ್ಲಿಟ್ಟು ಸಂತೋಷ ನೋಡುವ ಜನ ನನಗೆ ಹೊಸಬರಲ್ಲ.

ನಮ್ಮಪ್ಪನ ಅಮ್ಮನನ್ನು ನಾವು ಅವ್ವ ಎನ್ನುತ್ತಿದ್ದೆವು. ಆಕೆ ಊರಿಂದ ಬಂದರೆ ನಮ್ಮ ಜಗುಲಿಯ ಬಾಗಿಲಿಗೆ ಅಡ್ಡವಾಗಿ ಕೂರುತ್ತಿದ್ದಳು. ಒಳಗೆ ಹೋಗುವವರು ಹೊರಗೆ ಬರುವವರು ಆಕೆಯ ಕಾಲು ದಾಟಬಾರದು, ಹಾಗಾಗಿ ಕಾಲು ಮಡಿಸಿಕೊಳ್ಳುವವರೆಗೆ ಕಾಯಬೇಕು. ಅಮ್ಮನಿಗೆ ನಾನೊಬ್ಬಳೇ. ನನ್ನ ಮೇಲೆ ಇನ್ನೊಂದು ಆಗಲಿಲ್ಲ. ಅಪ್ಪ ಗಣಿಯ ಒಳಗೆ ಇಳಿಯುವ ಆಳು, ಮಾತು ಕಡಿಮೆ, ಮೇಲೆ ಬಂದಮೇಲೂ ಒಳಗೇ ಇದ್ದಂತಿರುತ್ತಿದ್ದ. ಗಂಡು ಬೇಕು ಎಂದು ಅವ್ವ ಹೇಳಿದಳು, ಅಪ್ಪ ಹೂಂ ಎಂದ. ಹೊರಗಿನವಳನ್ನು ತಂದರೆ ಜಗಳ ಎಂದು ಅಮ್ಮನ ಸ್ವಂತ ತಂಗಿ ರತ್ನಮ್ಮನನ್ನೇ ತಂದರು. ನಮ್ಮ ಕಡೆ ಆಗ ಇದನ್ನು ಬುದ್ಧಿವಂತಿಕೆ ಎಂದೇ ತಿಳಿಯುತ್ತಿದ್ದರು. ಕರೆತಂದ ದಿನ ಅವ್ವ ಅಮ್ಮನ ತಲೆ ಸವರಿ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ಒಂಟಿಯಾಗಿ ಬೇಯ್ತಿದ್ದೆ. ಇನ್ಮೇಲೆ ನಿಂಗೂ ಜೊತೆ ಆಯ್ತು. ಒಡಹುಟ್ಟಿದೋಳು, ಅವಳೇನ್ ನಿನ್ನ ಕಚ್ಚಾಳಾ?"

ಒಂದು ಕೋಣೆ, ಅದರಲ್ಲಿ ಗಂಡ, ಮಗಳು, ವರ್ಷಕ್ಕೆ ಆರು ತಿಂಗಳು ಅತ್ತೆ. ಇದಕ್ಕೆ ಒಂಟಿತನ ಎಂದು ಹೆಸರಿಟ್ಟವರ ಬಾಯಿಗೆ ಏನು ಹೇಳುವುದು. ಮೊದಮೊದಲು ಚೆನ್ನಾಗಿಯೇ ಇತ್ತು, ಅದನ್ನೂ ಹೇಳಬೇಕು. ಅಕ್ಕತಂಗಿಯರು ಕೊಡ ಹಿಡಿದು ನಲ್ಲಿಗೆ ಜೊತೆಯಲ್ಲಿ ಹೋಗುತ್ತಿದ್ದರು, ಒಬ್ಬರ ತಲೆಯ ಹೇನು ಒಬ್ಬರು ತೆಗೆಯುತ್ತಿದ್ದರು, ಹುಣಿಸೇಹಣ್ಣು ಕುಟ್ಟಿ ಕಡ್ಡಿಗೆ ಸಿಕ್ಕಿಸಿ ನನಗೂ ಕೊಟ್ಟು ತಾವೂ ಚೀಪುತ್ತಿದ್ದರು. ಚಿಕ್ಕಮ್ಮ ನನಗೆ ಜಡೆ ಹಾಕುವುದು ಅಮ್ಮನಿಗಿಂತ ಚೆನ್ನಾಗಿತ್ತು. ಲೈನಿನ ತಮಿಳು ಹೆಂಗಸರು ಬಂದು ನೋಡಿ, ಕಣ್ಣು ಬೀಳುತ್ತದೆ ಎಂದು ನೆಟಿಗೆ ಮುರಿದು ಹೋಗುತ್ತಿದ್ದರು.

ಬಂಗಾರಪೇಟೆಯ ಮನೆಯಲ್ಲೂ ಹೀಗೇ. ತಂತಿಯ ಗೂಡನ್ನು ಹಜಾರದ ಟಿ.ವಿ. ಪಕ್ಕದಲ್ಲಿಟ್ಟರು. ಒಂದು ಚಕ್ರ, ಒಂದು ಪ್ಲಾಸ್ಟಿಕ್ ಗುಡಿಸಲು, ಒಂದು ನೀರಿನ ಬಾಟಲಿ. ಬಟ್ಟಲು ಮಾತ್ರ ಎರಡು. ಯಾರದೋ ಮದುವೆಯಲ್ಲಿ ತಾಂಬೂಲದ ಜೊತೆ ಕೊಟ್ಟ ಪುಟ್ಟ ಸ್ಟೀಲ್ ಬಟ್ಟಲುಗಳನ್ನು ಸರಳಾ ಹುಡುಕಿ ತೆಗೆದು ಇಟ್ಟಳು, ಅದರಲ್ಲೇ ನ್ಯಾಯ ಮುಗಿಯಿತು ಎನ್ನುವಂತೆ. ದೊಡ್ಡದಕ್ಕೆ ಬೂಂದಿ, ಸಣ್ಣದಕ್ಕೆ ಲಡ್ಡು ಎಂದು ಹೆಸರು. ಎರಡೂ ಒಂದರ ಹೊಟ್ಟೆಯ ಕೆಳಗೊಂದು ತಲೆಯಿಟ್ಟು ಮಲಗುತ್ತಿದ್ದವು. ಬೀದಿಯವರು ಬಂದು ಫೋನಿನಲ್ಲಿ ಚಿತ್ರ ತೆಗೆದುಕೊಂಡರು. ಗಣಪತಿಯ ವಾಹನ ಎಂದು ಸರಳಾ ಶುಕ್ರವಾರ ಶುಕ್ರವಾರ ಗೂಡಿನ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಹಚ್ಚುವಳು, ಇಲಿಗಳು ಹೊಗೆಗೆ ಸೀನುವವು, ಪಲ್ಲವಿ ಓಡಿ ಬಂದು ಊದುಬತ್ತಿಯನ್ನು ತುಳಸಿಗೆ ಸಿಕ್ಕಿಸುವಳು. ಸಂಕಷ್ಟಿಯ ದಿನ ಮೋದಕದ ಚೂರು. ದೀಪಾವಳಿಗೆ ಮನೆಮಂದಿಗೆಲ್ಲ ಎಣ್ಣೆನೀರು ಹಾಕುವಾಗ ಅವಕ್ಕೂ ಒಂದೊಂದು ಚೊಂಬು ಬಿಸಿನೀರು ಎಂದು ಗೂಡನ್ನು ಬಚ್ಚಲಿಗೆ ಹೊತ್ತೊಯ್ದಳು. ಮಗು ಬಚ್ಚಲ ಬಾಗಿಲಿಗೆ ಕೈ ಅಡ್ಡ ಕೊಟ್ಟು ನಿಂತದ್ದರಿಂದ ಉಳಿದವು. ಸಾಕುವ ಕೆಲಸ ಮಾಡುತ್ತಿದ್ದವಳು ಅದೊಂದು ಮಗುವೇ. ಸ್ಕೂಲಿಂದ ಬಂದು ಒದ್ದೆ ಹೊಟ್ಟು ತೆಗೆದು ಒಣ ಹೊಟ್ಟು ಹಾಕುವಳು, ಬಾಟಲಿಯ ಮೂತಿ ತೊಳೆಯುವಳು, ಮರಳನ್ನು ಬಾಣಲೆಯಲ್ಲಿ ಹುರಿದು ಆರಿಸಿ ತಟ್ಟೆಗೆ ಸುರಿಯುವಳು. ದೊಡ್ಡವರ ಪಾಲಿಗೆ ಬಂದದ್ದು ಪೂಜೆ ಮತ್ತು ಫೋಟೋ.

ನಾನು ಹತ್ತಿರ ಹೋಗುತ್ತಿರಲಿಲ್ಲ. ಆದರೆ ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತ ಕೂತವಳಿಗೆ ಕಣ್ಣು ಮುಚ್ಚಿಕೊಳ್ಳಲು ಆಗುತ್ತದೆಯೇ. ದೀಪಾವಳಿ ಕಳೆದ ಮೇಲೆ ಬೂಂದಿ ಎರಡು ಬಟ್ಟಲನ್ನೂ ಬಳಿದು ಕೆನ್ನೆಗೆ ತುಂಬಿಕೊಂಡು ಗುಡಿಸಲಿಗೆ ಸಾಗಿಸತೊಡಗಿತು. ಲಡ್ಡು ಗುಡಿಸಲ ಹತ್ತಿರ ಬಂದರೆ ಹಲ್ಲು ಕಟಕಟ ಎನ್ನಿಸುವುದು. ಲಡ್ಡು ಮೂಲೆಯಲ್ಲಿ, ನೀರಿನ ಬಾಟಲಿ ಸೋರುವ ಒದ್ದೆ ಜಾಗದಲ್ಲಿ ಮಲಗತೊಡಗಿತು. ಒಂದು ದಿನ ಪಲ್ಲವಿ ಅದರ ಕಿವಿಯ ತುದಿ ಹರಿದಿರುವುದನ್ನು ತೋರಿಸಿ, ಇನ್ನೊಂದು ಗೂಡು ಬೇಕು ಎಂದಳು. ಮುಂದಿನ ತಿಂಗಳು ನೋಡೋಣ ಎಂದ ಅವರಪ್ಪ. ಆಟ ಆಡುತ್ತವೆ, ನೀನೂ ನಿನ್ನ ಗೆಳತಿಯರೂ ಜುಟ್ಟು ಹಿಡಿದುಕೊಳ್ಳುವುದಿಲ್ಲವೇ ಎಂದಳು ಅವರಮ್ಮ. ಎದುರು ಮನೆಯವಳು ಬಂದು ಬಗ್ಗಿ ನೋಡಿ, ಸ್ವಲ್ಪ ದಿನ ಕಣಮ್ಮ, ಅಡ್ಜಸ್ಟ್ ಆಯ್ತವೆ ಎಂದಳು. ಈ ಒಂದು ಮಾತನ್ನು ಹೇಳುವವರು ಯಾವಾಗಲೂ ಗೂಡಿನ ಹೊರಗೇ ನಿಂತಿರುತ್ತಾರೆ. ನಾನು ರಟ್ಟಿನ ಡಬ್ಬವಾದರೂ ತಾರೋ, ನಿಮ್ಮ ಕಾರ್ಖಾನೆಯಲ್ಲಿ ಅದಕ್ಕೇನು ಬರವೇ ಎಂದೆ. ಇಲಿ ರಟ್ಟು ಕಡಿದುಬಿಡುತ್ತದೆ ಎಂದು ಎಲ್ಲ ತಿಳಿದವನ ಹಾಗೆ ಹೇಳಿದ. ಇಲಿಯನ್ನು ಇಲಿ ಕಡಿಯುತ್ತದೆ ಎನ್ನುವುದು ಮಾತ್ರ ಅವನ ತಲೆಗೆ ಹೋಗಲಿಲ್ಲ.

ನಮ್ಮ ಲೈನ್ ಮನೆಯಲ್ಲಿ ಮೊದಲು ಕೆಟ್ಟದ್ದು ಒಲೆ. ಒಂದೇ ಒಲೆ, ಇಬ್ಬರು ಅಡುಗೆಯವರು, ಬಾಗಿಲಲ್ಲಿ ಕೂತು ಕಿರಿಯವಳ ಸಾರನ್ನು ಹೊಗಳುವ ಅವ್ವ. ಅಮ್ಮ ಒಲೆಯ ನಡುವೆ ಒಂದು ಇಟ್ಟಿಗೆ ಇಟ್ಟಳು. ಆಮೇಲೆ ಕೋಣೆ. ಅಡ್ಡಲಾಗಿ ಒಂದು ಹಳೆಯ ಸೀರೆ ಕಟ್ಟಿದ್ದರು. ಅಪ್ಪನಿಗೆ ರಾತ್ರಿ ಪಾಳಿ ಇದ್ದರೆ ಮೂವರೂ ಒಳಗೆ, ಇಲ್ಲದಿದ್ದರೆ ಅಮ್ಮನೋ ಚಿಕ್ಕಮ್ಮನೋ ನನ್ನನ್ನು ಕರೆದುಕೊಂಡು ಜಗುಲಿಯಲ್ಲಿ. ಯಾರು ಯಾವತ್ತು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅವ್ವ ಚಾಪೆ ಎಸೆಯುವ ದಿಕ್ಕಿನಲ್ಲಿ ತಿಳಿದುಕೊಳ್ಳಬೇಕು. ನಾನು ಗೋಡೆಗೆ ಬೆನ್ನು ಕೊಟ್ಟು ಮಲಗುವುದನ್ನು ಕಲಿತದ್ದು ಆಗಲೇ, ಇವತ್ತಿಗೂ ಹಾಗೆಯೇ. ಅಮ್ಮ ಚಿಕ್ಕಮ್ಮ ಮಾತು ಬಿಟ್ಟರು. ಮಾತಿನ ಬದಲು ಪಾತ್ರೆಗಳನ್ನು ಕುಕ್ಕುತ್ತಿದ್ದರು. ಅಮ್ಮನದೆಂದು ಆ ಮನೆಯಲ್ಲಿ ಉಳಿದದ್ದು ತೌರಿನಿಂದ ತಂದ ಒಂದು ಮರದ ಪೆಟ್ಟಿಗೆ. ಕೋಣೆಯ ಕಿಟಕಿಯ ಕೆಳಗೆ ಅದರ ಜಾಗ, ಅದರ ಮೇಲೆ ಅಮ್ಮನ ಜಾಗ. ಸಂಜೆ ಅದರ ಮೇಲೆ ಕೂತು ಒಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು; ಅಷ್ಟು ಹೊತ್ತು ನಾನೂ ಅವಳ ಹತ್ತಿರ ಹೋಗಬಾರದು.

ಒಂದು ದಿನ ಸೋನೆ ಮಳೆ ಹಿಡಿದಿತ್ತು. ಅಮ್ಮ ನಲ್ಲಿಯಿಂದ ಕೊಡ ಹೊತ್ತು ಬಂದಾಗ ಪೆಟ್ಟಿಗೆ ಜಗುಲಿಯ ಆಚೆ, ಮಳೆಯಲ್ಲಿತ್ತು. ಚಿಕ್ಕಮ್ಮನ ಹಾಸಿಗೆಗೆ ಜಾಗ ಸಾಲದು ಎಂದು ಅವ್ವ ತೆಗೆಸಿದ್ದಳು, ಚಿಕ್ಕಮ್ಮ ಎತ್ತಿ ಇಟ್ಟಿದ್ದಳು. ಅಮ್ಮ ಕೊಡವನ್ನು ನೀರು ತುಳುಕದ ಹಾಗೆ ಕೆಳಗಿಟ್ಟಳು. ಒಳಗೆ ಹೋಗಿ ಚಿಕ್ಕಮ್ಮನ ಮುಂಗೈಯನ್ನು ಕಚ್ಚಿ ಹಿಡಿದಳು. ಬಿಡಲಿಲ್ಲ. ಪಕ್ಕದ ಮನೆಯ ಹೆಂಗಸರು ಬಂದು ದವಡೆ ಅಗಲಿಸಬೇಕಾಯಿತು. ಚಿಕ್ಕಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಊರಿನ ಬಸ್ಸು ಹತ್ತಿದವಳು ತಿರುಗಿ ಬರಲಿಲ್ಲ. ಅವತ್ತಿನಿಂದ ಲೈನಿನಲ್ಲಿ ಅಮ್ಮನಿಗೆ ಹೆಸರು ಕಚ್ಚೋಳು. ನಲ್ಲಿಯ ಹತ್ತಿರ ನಾನು ಕಚ್ಚೋಳ ಮಗಳು. ಇಬ್ಬರನ್ನು ಒಂದು ಕೋಣೆಗೆ ತುಂಬಿದ ಅವ್ವನಿಗೆ ಯಾರೂ ಹೆಸರಿಡಲಿಲ್ಲ, ಹೂಂ ಎಂದ ಅಪ್ಪನಿಗೂ ಇಡಲಿಲ್ಲ. ಸಾಲದ್ದಕ್ಕೆ ಚಿಕ್ಕಮ್ಮ ಉಣ್ಣುತ್ತಿದ್ದ ತಟ್ಟೆಯನ್ನು ಗೋಡೆಯ ಗೂಡಿನಿಂದ ತೆಗೆಯಕೂಡದು ಎಂದು ಅವ್ವನ ಅಪ್ಪಣೆಯಾಯಿತು. ಬಂದವಳ ತಟ್ಟೆ ತೆಗೆದರೆ ಮನೆಗೆ ಒಳ್ಳೆಯದಲ್ಲವಂತೆ. ಅವ್ವ ಸತ್ತ ಮೇಲೂ ಅದು ಅಲ್ಲೇ ಇತ್ತು. ಅಮ್ಮ ಹಬ್ಬ ಹಬ್ಬಕ್ಕೂ ಅದನ್ನು ಹುಣಿಸೇಹಣ್ಣು ಹಾಕಿ ತಿಕ್ಕಿ ತೊಳೆದು ಮತ್ತೆ ಅಲ್ಲೇ ಇಡುತ್ತಿದ್ದಳು, ಅದರ ಎದುರಿಗೆ ಕೂತು ಉಣ್ಣುತ್ತಿದ್ದಳು. ನಾನು ಮದುವೆಯಾಗಿ ಹೊರಡುವ ದಿನವೂ ಆ ತಟ್ಟೆ ಗೂಡಿನಲ್ಲಿ ಮಿಣಮಿಣ ಎನ್ನುತ್ತಿತ್ತು.

ಆ ಮದುವೆಗೆ ಚಿಕ್ಕಮ್ಮ ಬಂದಿದ್ದಳು. ಊರಿನಲ್ಲಿ ಬೇರೆ ಗಂಡನಾಗಿದ್ದ, ಎರಡು ಮಕ್ಕಳಿದ್ದವು, ಮೈ ತುಂಬಿಕೊಂಡಿದ್ದಳು. ನನಗೆ ಜಡೆ ಹಾಕುತ್ತ ಬಳೆ ಸರಿಸಿ ಮುಂಗೈಯ ಗುರುತು ತೋರಿಸಿದಳು, ನಗುತ್ತಿದ್ದಳು.

"ನಿಮ್ಮಮ್ಮ ಅವತ್ತು ಕಚ್ದೆ ಓಗಿದ್ರೆ ಇನ್ನೊಂದಿನ ನಾನೇ ಕಚ್ತಿದ್ದೆ ಕಣೇ. ಅಷ್ಟೊತ್ಗೆ ನಂಗೂ ಹಲ್ಲು ನವೀತಿತ್ತು."

ಆ ಇಡೀ ಲೈನಿನಲ್ಲಿ ಸರಿಯಾಗಿ ಮಾತಾಡಿದವಳು ಅವಳೊಬ್ಬಳೇ, ಅದೂ ಕಚ್ಚಿಸಿಕೊಂಡವಳು. ಗಂಡನ ಮನೆಗೆ ಹೋದ ಮೇಲೆ ನಾನು ಯಾರ ಜೊತೆಗೂ ಒಂದು ತಟ್ಟೆಯಲ್ಲಿ ಉಣ್ಣಲಿಲ್ಲ. ನಾಗೇಶ ಬಂಗಾರಪೇಟೆಯಲ್ಲಿ ಮನೆ ಕಟ್ಟಿಸುವಾಗ ನಾನು ಕೇಳಿದ್ದು ಒಂದೇ, ಅಕ್ಕಿಮೂಟೆ ಇಡುವ ಕೋಣೆಯಾದರೂ ಸರಿ, ಒಳಗಿನಿಂದ ಚಿಲಕ ಇರಬೇಕು. ಅತ್ತೆಗೆ ಸೊಕ್ಕು ಎಂದು ಸರಳಾ ಬೀದಿಯಲ್ಲಿ ಹೇಳಿಕೊಂಡು ಬಂದಳು. ಹೇಳಿಕೊಳ್ಳಲಿ.

ಕಾರ್ತಿಕದ ಒಂದು ಶುಕ್ರವಾರ ಬೆಳಿಗ್ಗೆ ಸರಳಾ ಕುಂಕುಮದ ಬಟ್ಟಲು ಹಿಡಿದು ಗೂಡಿನ ಹತ್ತಿರ ಹೋದವಳು ಹಾಗೇ ನಿಂತುಬಿಟ್ಟಳು. ಲಡ್ಡು ಅರ್ಧ ಇತ್ತು. ಮಿಕ್ಕದ್ದು ಎಲ್ಲಿ ಹೋಯಿತು ಎಂದು ಕೇಳಬೇಕಾಗಿರಲಿಲ್ಲ. ಬೂಂದಿ ಗುಡಿಸಲ ಮುಂದೆ ಹಿಂಗಾಲ ಮೇಲೆ ಕೂತು ಮುಖ ತೊಳೆದುಕೊಳ್ಳುತ್ತಿತ್ತು. ಪಲ್ಲವಿ ಸ್ಕೂಲಿನ ಸಮವಸ್ತ್ರದಲ್ಲೇ ಬಂದು ನೋಡಿದಳು. ಅಳಲಿಲ್ಲ. ನಾನು ಹೇಳಿದ್ದೆ ಅಲ್ವಾ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳಿದಳು. ಅವರಪ್ಪ ಟಿಫಿನ್ ಡಬ್ಬದ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಂಡ. ಉಳಿದ ಅರ್ಧ ಇಲಿಯನ್ನು ಮಗುವೇ ಹಾಳೆಯಲ್ಲಿ ಸುತ್ತಿ ನುಗ್ಗೇಮರದ ಬುಡದಲ್ಲಿ ಹೂತಳು. ಮಣ್ಣು ನಾನು ತೋಡಿಕೊಟ್ಟೆ, ನಾಯಿ ಕೆದಕದ ಹಾಗೆ ಆಳವಾಗಿ.

ಸಂಜೆ ನಾಗೇಶ ಬಂದಮೇಲೆ ವಿಚಾರಣೆ ಶುರುವಾಯಿತು. ಎದುರು ಮನೆಯವಳೂ ಬಂದು ಕೂತಳು, ಅವಳ ಮನೆಯಲ್ಲಿ ಅಷ್ಟು ಚೆನ್ನಾಗಿರುವುದೇನೂ ನಡೆಯುತ್ತಿರಲಿಲ್ಲವೆಂದು ಕಾಣುತ್ತದೆ. ಒಡಹುಟ್ಟಿದ್ದನ್ನೇ ತಿಂದ ಪ್ರಾಣಿ ಮನೆಯಲ್ಲಿರಬಾರದು ಎಂದು ತೀರ್ಮಾನವಾಯಿತು. ಬೆಳಿಗ್ಗೆ ರೈಲಿಗೆ ಹೋಗುವಾಗ ಸ್ಟೇಷನ್ ಹಿಂದಿನ ಪೊದೆಯಲ್ಲಿ ಬಿಟ್ಟುಹೋಗುತ್ತೇನೆ ಎಂದ ನಾಗೇಶ. ಆ ಪೊದೆಯಲ್ಲಿ ಬೆಕ್ಕುಗಳು ಎಷ್ಟಿವೆ ಎನ್ನುವುದು ಬಂಗಾರಪೇಟೆಯಲ್ಲಿ ಎಲ್ಲರಿಗೂ ಗೊತ್ತು.

"ಬೂಂದಿಗೆ ಆಚೆ ಬದುಕಕ್ಕೆ ಬರಲ್ಲ ಅಪ್ಪ. ಒಂದೇ ಇದ್ರೆ ಅದು ಯಾರ್ಗೂ ಏನೂ ಮಾಡಲ್ಲ," ಎಂದಳು ಪಲ್ಲವಿ. ಅವಳ ದನಿ ಮೊದಲ ಸಲ ಒಡೆಯಿತು. "ಅದು ನಂದು. ನಾನು ಒಂದೇ ಕೇಳಿದ್ದು."

"ರಕ್ತ ಕುಡ್ದಿರೋ ರಾಕ್ಷಸಿ ಅದು. ನೋಡಿದ್ರೇನೇ ಮೈ ಜುಮ್ ಅಂತದೆ," ಎಂದಳು ಸರಳಾ.

ಆಗ ನಾನು ಬಾಯಿ ತೆಗೆದೆ.

"ಯಾರನ್ನಾನಾ ಪೊದೇಲಿ ಬಿಡ್ಲೇಬೇಕು ಅಂದ್ರೆ ಎರಡು ತಂದೋಳ್ನ ಬಿಟ್ಟು ಬಾ ನಾಗೇಶ."

ಎದುರು ಮನೆಯವಳು ಸೆರಗು ಬಾಯಿಗೆ ಇಟ್ಟುಕೊಂಡಳು. ಸರಳಾ ಕಣ್ಣು ತುಂಬಿಕೊಂಡಳು.

"ನಾನೇನ್ ಬೇಕಂತ ಮಾಡಿದ್ನಾ ಅತ್ತೆ? ಒಳ್ಳೇದಾಗ್ಲಿ ಅಂತ ತಾನೇ?"

"ಬೇಕಂತ ಮಾಡೋರು ಇಷ್ಟು ಕೆಡ್ಸಲ್ಲ ಕಣಮ್ಮ."

ನಾಗೇಶ ನಡುವೆ ಬಂದು, ಒಂದು ಇಲಿಗೋಸ್ಕರ ಮನೆಯಲ್ಲಿ ಜಗಳ ಬೇಡ, ಬೆಳಿಗ್ಗೆ ಒಯ್ಯುತ್ತೇನೆ, ಮುಗಿಯಿತು ಎಂದ. ಗೂಡಿನ ಮೇಲೆ ಟವಲ್ ಹೊದಿಸಿ ಬಾಗಿಲ ಪಕ್ಕದಲ್ಲಿ, ಚಪ್ಪಲಿಗಳ ಜೊತೆಗೆ ಇ‌ಟ್ಟರು. ಪಲ್ಲವಿ ಉಣ್ಣದೆ ಎದ್ದುಹೋದಳು. ಗೂಡಿನ ಒಳಗೆ ಬೂಂದಿ ಚಕ್ರ ಹತ್ತಿ ಓಡುತ್ತಿತ್ತು. ಅದಕ್ಕೆ ಈಗ ಜಾಗ ಬೇಕಾದಷ್ಟಿತ್ತು.

ಮರುದಿನ ಬೆಳಿಗ್ಗೆ ನಾಗೇಶ ಬಚ್ಚಲಿಗೆ ಹೋದ ಸದ್ದು ಕೇಳಿದ ಮೇಲೆ ನಾನು ಎದ್ದು ಗೂಡನ್ನು ಎತ್ತಿಕೊಂಡು ನನ್ನ ಕೋಣೆಗೆ ಬಂದು ಒಳಗಿನಿಂದ ಚಿಲಕ ಹಾಕಿದೆ. ಅಕ್ಕಿಮೂಟೆಯ ಮೇಲೆ ಗೂಡಿಟ್ಟು ಪಕ್ಕದಲ್ಲಿ ಕೂತೆ. ಇಲಿಯ ಮೇಲೆ ನನಗೆ ಪ್ರೀತಿ ಉಕ್ಕಿತು ಎಂದು ಯಾರೂ ತಿಳಿಯಬೇಡಿ. ಹತ್ತಿರದಿಂದ ನೋಡಿದರೆ ಇನ್ನೂ ಇಲಿಯೇ. ನಾಗೇಶ ಮೊದಲು ಬಾಗಿಲ ಪಕ್ಕ ಹುಡುಕಿದ, ಹೆಂಡತಿಯನ್ನು ಕೇಳಿದ, ಆಮೇಲೆ ಬಂದು ನನ್ನ ಬಾಗಿಲು ತಟ್ಟಿದ.

"ಅಮ್ಮ, ಬಾಗ್ಲು ತೆಗಿ. ರೈಲ್ಗೆ ಹೊತ್ತಾಯ್ತು."

"ರೈಲು ನಿಂಗೆ ತಾನೇ. ಓಗು."

ಚಪ್ಪಲಿ ಮೆಟ್ಟಿಕೊಂಡ. ಆಮೇಲೆ ಗೇಟಿನ ಸದ್ದಾಯಿತು. ರೈಲು ಸ್ಟೇಷನ್ ಬಿಟ್ಟ ಕೂಗು ಕೇಳುವವರೆಗೂ ನಾನು ಚಿಲಕ ಮುಟ್ಟಲಿಲ್ಲ. ಅಷ್ಟರಲ್ಲಿ ಮಾಡುವುದೊಂದಿತ್ತು. ಗೂಡಿನ ಬಾಗಿಲು ತೆಗೆದು ಕೈ ಹಾಕಿದೆ. ಬೂಂದಿ ಬಂದು ತೋರುಬೆರಳಿಗೆ ಹಲ್ಲು ಹಾಕಿತು, ಗಟ್ಟಿಯಾಗಿಯೇ. ಕೈ ಕೊಡವಲಿಲ್ಲ, ತಾನಾಗಿ ಬಿಟ್ಟಿತು. ಅದರ ಮನೆಯೊಳಗೆ ಕೇಳದೆ ಕೈ ಹಾಕಿದವಳು ನಾನು. ಎರಡು ಬಟ್ಟಲಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಂಡು ಗೂಡಿನ ಬಾಗಿಲು ಹಾಕಿದೆ.

ಹೊರಗೆ ಬಂದಾಗ ಪಲ್ಲವಿ ನನ್ನ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದಳು. ಒಳಗೆ ಹೋಗು ಎಂದು ಕಣ್ಸನ್ನೆ ಮಾಡಿದೆ. ಅಂಗಳದಲ್ಲಿ ಸರಳಾ ರಂಗೋಲಿ ಬಿಡುತ್ತಿದ್ದಳು. ನನ್ನ ಬೆರಳಿನ ರಕ್ತ ನೋಡಿದಳು, ಕೈಯಲ್ಲಿದ್ದ ಬಟ್ಟಲು ನೋಡಿದಳು.

"ತೊಳ್ದು ಒಳಗಿಡಿ ಅತ್ತೆ, ಒಳ್ಳೇ ಬಟ್ಟಲು ಅದು," ಎಂದಳು.

ನಾನು ರಂಗೋಲಿಯನ್ನು ತುಳಿಯದೆ ಸುತ್ತಿಕೊಂಡು ಗೇಟಿನ ಆಚೆ ಹೋದೆ. ಕಸದ ಗಾಡಿ ಇನ್ನೂ ಬೀದಿಯ ಆ ತುದಿಯಲ್ಲಿತ್ತು, ಮನೆ ಮನೆಯ ಮುಂದೆ ನಿಂತು ನಿಂತು ಬರುತ್ತಿತ್ತು. ಅದು ನಮ್ಮ ಮನೆಗೆ ಬರುವವರೆಗೆ ಕಾದು ನಿಂತು, ಬಟ್ಟಲನ್ನು ಕೈಯಾರೆ ಅದರೊಳಗೆ ಹಾಕಿದೆ.